ಬೇರುನಾಳ ತೊಳೆಯುವ ವಿಧಾನಗಳು: ಸ್ವಚ್ಛತೆಯ ಲೆಕ್ಕ ಬೇರೆ, ನೋವಿನ ಲೆಕ್ಕ ಬೇರೆ

ಬಾಗಲಕೋಟೆಯ ನವನಗರದಲ್ಲಿರುವ ನನ್ನ ದಂತ ಕ್ಲಿನಿಕ್ಕಿಗೆ ಬೇರುನಾಳದ (ರೂಟ್ ಕೆನಾಲ್) ಚಿಕಿತ್ಸೆಗೆಂದು ಬರುವವರು ಈಚೆಗೆ ಒಂದು ಹೊಸ ಪ್ರಶ್ನೆ ಕೇಳತೊಡಗಿದ್ದಾರೆ. ಮೊದಲೆಲ್ಲ "ಹಲ್ಲು ಕೀಳೂದೋ, ನರಾ ತಗಿಯೂದೋ" ಎಂಬಲ್ಲಿಗೆ ಮುಗಿಯುತ್ತಿದ್ದ ವಿಚಾರಣೆ ಈಗ "ನೀವು ಲೇಸರ್‌ಲೆ ತೊಳಿತೀರೇನ್ರಿ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮೊಬೈಲಿನಲ್ಲಿ ನೋಡಿದ ವಿಡಿಯೋ ಒಂದು ಕಾರಣ. ಬೆಳಗಾವಿಯಲ್ಲಿ ಹೆಚ್ಚು ಹಣ ಕೊಟ್ಟು ಚಿಕಿತ್ಸೆ ಮಾಡಿಸಿಕೊಂಡ ಸಂಬಂಧಿಕರಿಗೆ ಒಂದು ಚೂರೂ ನೋವಾಗಲಿಲ್ಲ ಎಂಬ ಮಾತು ಇನ್ನೊಂದು ಕಾರಣ. ಈ ಪ್ರಶ್ನೆಯ ಹಿಂದೆ ಎರಡು ನಂಬಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ದುಬಾರಿ ಯಂತ್ರ ಚೆನ್ನಾಗಿ ತೊಳೆಯುತ್ತದೆ ಎನ್ನುವುದು ಮೊದಲನೆಯದು, ಚೆನ್ನಾಗಿ ತೊಳೆದ ಹಲ್ಲು ನೋಯುವುದಿಲ್ಲ ಎನ್ನುವುದು ಎರಡನೆಯದು. ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಎರಡನೆಯದು ಬಹುಮಟ್ಟಿಗೆ ಗೊಂದಲ. ಆ ಗೊಂದಲ ರೋಗಿಗಳದ್ದು ಮಾತ್ರವಲ್ಲ, ನಮ್ಮ ವೃತ್ತಿಯವರ ಜಾಹೀರಾತುಗಳಲ್ಲೂ ಅದು ಧಾರಾಳವಾಗಿ ಕಾಣುತ್ತದೆ.

ತೊಳೆಯುವ ಅಗತ್ಯವೇನು ಎಂಬುದನ್ನು ಮೊದಲು ನೋಡಬೇಕು. ಬೇರುನಾಳ ಎಂದರೆ ಹಲ್ಲಿನ ಬೇರಿನೊಳಗೆ ತಿರುಳು ಇರುವ ಸಣ್ಣ ಕೊಳವೆ. ಜನರ ಬಾಯಲ್ಲಿ ಇದು 'ನರ ತೆಗೆಯುವ' ಚಿಕಿತ್ಸೆ, ಆದರೆ ನಿಜವಾದ ಶತ್ರು ನರವಲ್ಲ. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲಿನ ತಿರುಳನ್ನು ಕೊರೆದು ತೆರೆದಿಟ್ಟು ನೋಡಿದರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಬೇರಿನ ತುದಿಯಲ್ಲಿ ಕೀವುಗಟ್ಟಿತು. ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ ತಿರುಳು ಬದುಕುಳಿದು, ತೆರೆದ ಜಾಗವನ್ನು ತಾನೇ ಮುಚ್ಚಿಕೊಳ್ಳತೊಡಗಿತು. ಅಂದರೆ ಬೇರುನಾಳದ ಚಿಕಿತ್ಸೆ ಮೂಲತಃ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನು ದೇಹ ಸಹಿಸಿಕೊಳ್ಳಬಲ್ಲ ಮಟ್ಟಕ್ಕೆ ಇಳಿಸಿ, ಅವು ಮತ್ತೆ ಬೆಳೆಯದಂತೆ ಬಾಗಿಲು ಹಾಕುವ ಕೆಲಸ. ಫೈಲುಗಳೆಂಬ ಸಣ್ಣ ಅರಗಳಿಂದ ಕೆರೆದರೆ ಈ ಕೆಲಸ ಅರ್ಧವಷ್ಟೇ ಆಗುತ್ತದೆ. ಪೀಟರ್ಸ್ ಮತ್ತು ಸಂಗಡಿಗರು 2001ರಲ್ಲಿ ಸೂಕ್ಷ್ಮ ಸಿಟಿ ಸ್ಕ್ಯಾನ್ ಮೂಲಕ ಅಳೆದಾಗ, ಯಾವ ಫೈಲು ಬಳಸಿದರೂ ನಾಳದ ಗೋಡೆಯ ಶೇ. 35 ಅಥವಾ ಅದಕ್ಕೂ ಹೆಚ್ಚು ಭಾಗವನ್ನು ಲೋಹ ಮುಟ್ಟಿಯೇ ಇರಲಿಲ್ಲ. ಕೆಳದವಡೆಯ ಮೊದಲ ದವಡೆ ಹಲ್ಲಿನ ಮುಂದಿನ ಬೇರಿನಲ್ಲಿ ಸಾಮಾನ್ಯವಾಗಿ ಎರಡು ನಾಳಗಳಿರುತ್ತವೆ. ಅವುಗಳ ನಡುವೆ ಕಾಗದದಷ್ಟು ತೆಳುವಾದ ಸಂದಿಯೊಂದು ಇರುತ್ತದೆ, ಆ ಸಂದಿಗೆ ಯಾವ ಫೈಲೂ ಇಳಿಯುವುದಿಲ್ಲ.

ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳಿಗೆ ಏರಿದ್ದನ್ನು ಕಂಡವರಿಗೆ, ಗಾಡಿ ಹೋಗದ ಸಂದಿಗೂ ನೀರು ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬೇರುನಾಳದಲ್ಲಿ ನೀರು ಅಷ್ಟು ಸಲೀಸಾಗಿ ಹೋಗುವುದಿಲ್ಲ. ಅದು ಒಂದು ತುದಿ ಮುಚ್ಚಿದ, ಕೂದಲಿಗಿಂತ ಸ್ವಲ್ಪ ದಪ್ಪದ ಕೊಳವೆ. ಸೂಜಿಯಿಂದ ಬಿಟ್ಟ ದ್ರಾವಣ ಅದರ ತುದಿಯಿಂದ ಸಾಮಾನ್ಯವಾಗಿ ಒಂದು-ಒಂದೂವರೆ ಮಿಲಿಮೀಟರ್ ಮುಂದಕ್ಕೆ ಹೋಗಿ ಹಿಂದಕ್ಕೆ ತಿರುಗಿಬಿಡುತ್ತದೆ. ಅದರಾಚೆ ಸಿಕ್ಕಿಬಿದ್ದ ಗಾಳಿ, ದ್ರಾವಣ ಕೊಳೆತ ಅಂಗಾಂಶದೊಡನೆ ವರ್ತಿಸಿದಾಗ ಹುಟ್ಟುವ ಅನಿಲ, ಇವೆರಡೂ ಸೇರಿ ಗುಳ್ಳೆಯೊಂದು ಬಿರಡೆಯಂತೆ ಕೂತಿರುತ್ತದೆ. ಬಾವಿಗೆ ಬೋರಲಾಗಿ ಇಳಿಸಿದ ಕೊಡಕ್ಕೆ ನೀರು ತುಂಬದಿರುವುದಕ್ಕೂ ಇದಕ್ಕೂ ಕಾರಣ ಒಂದೇ. ತೊಳೆಯುವ ವಿಧಾನಗಳ ನಡುವಿನ ಸ್ಪರ್ಧೆಯೆಲ್ಲ ಈ ಕೊನೆಯ ಮೂರು ಮಿಲಿಮೀಟರ್‌ಗಾಗಿ ನಡೆದದ್ದು.

ದ್ರಾವಣದ ವಿಷಯದಲ್ಲಿ ಸ್ಪರ್ಧೆ ಬಹುಕಾಲದ ಹಿಂದೆಯೇ ತೀರ್ಮಾನವಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಹೆನ್ರಿ ಡೇಕಿನ್ ಗಾಯಗಳನ್ನು ತೊಳೆಯಲೆಂದು ಶೇ. 0.5ರ ಹೈಪೋಕ್ಲೋರೈಟ್ ದ್ರಾವಣವನ್ನು ರೂಪಿಸಿದ. ಅಲೆಕ್ಸಿಸ್ ಕ್ಯಾರೆಲ್ ಜೊತೆ ಸೇರಿ ಅದರ ಬಳಕೆಯ ಪದ್ಧತಿಯೂ ರೂಪುಗೊಂಡಿತು. ಅದೇ ಸೋಡಿಯಂ ಹೈಪೋಕ್ಲೋರೈಟ್ ಇವತ್ತಿಗೂ ನಮ್ಮ ಮುಖ್ಯ ಅಸ್ತ್ರ. ಕೊಳಾಯಿಯಲ್ಲಿ ಕ್ಲೋರಿನ್ ಹೆಚ್ಚಾದ ದಿನ ಬರುವ ವಾಸನೆ, ಬಟ್ಟೆಗೆ ಒಂದು ಹನಿ ಬಿದ್ದರೆ ಬಿಳಿ ಕಲೆ, ಇದೇ ಅದರ ಗುರುತು. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಲ್ಲದೆ ಸತ್ತ ಅಂಗಾಂಶವನ್ನೂ ಕರಗಿಸುತ್ತದೆ, ಈ ಎರಡನೆಯ ಗುಣವೇ ಅದನ್ನು ಉಳಿದೆಲ್ಲ ದ್ರಾವಣಗಳಿಗಿಂತ ಮೇಲಿಡುತ್ತದೆ. ಕ್ಲೋರ್‌ಹೆಕ್ಸಿಡಿನ್ ಜೀವಿಗಳನ್ನು ಕೊಲ್ಲುತ್ತದೆ, ಗೋಡೆಗೆ ಅಂಟಿಕೊಂಡು ಕೆಲಕಾಲ ಪರಿಣಾಮವನ್ನೂ ಉಳಿಸುತ್ತದೆ, ಆದರೆ ಏನನ್ನೂ ಕರಗಿಸುವುದಿಲ್ಲ. ಹೈಪೋಕ್ಲೋರೈಟ್ ಒಳಗಿರುವಾಗಲೇ ಅದನ್ನು ಬಿಟ್ಟರೆ ಕಂದು-ಕಿತ್ತಳೆ ಬಣ್ಣದ ಗಸಿ ಕಟ್ಟಿ ನಾಳವನ್ನೇ ಮುಚ್ಚುತ್ತದೆ. ಫೈಲು ಕೆರೆದ ಪುಡಿಯಿಂದ ಗೋಡೆಯ ಮೇಲೆ ಮೆತ್ತಿಕೊಳ್ಳುವ ಪದರವನ್ನು ತೆಗೆಯಲು ಸುಣ್ಣದಂಶವನ್ನು ಕರಗಿಸುವ ಶೇ. 17ರ ಇಡಿಟಿಎ ಎಂಬ ದ್ರಾವಣ ಬೇಕು. ಅದೂ ಕೊನೆಯಲ್ಲಿ ಒಂದು ನಿಮಿಷದಷ್ಟು ಸಾಕು, ಏಕೆಂದರೆ ಅದು ಹೈಪೋಕ್ಲೋರೈಟಿನ ಕ್ಲೋರಿನ್ ಶಕ್ತಿಯನ್ನು ನುಂಗಿಬಿಡುತ್ತದೆ. ಸಲೈನ್ ತಟ್ಟೆ ತೊಳೆದ ನೀರಿನಂತೆ ಕಸವನ್ನು ಹೊರಗೆ ತಳ್ಳುತ್ತದೆ, ಸೋಂಕನ್ನು ನಿವಾರಿಸುವುದಿಲ್ಲ.

ಎಷ್ಟು ತೀಕ್ಷ್ಣ ಹೈಪೋಕ್ಲೋರೈಟ್ ಬೇಕು ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ. ಸ್ವೀಡನ್ನಿನ ಬಿಸ್ಟ್ರೋಮ್ ಮತ್ತು ಸುಂಡ್‌ಕ್ವಿಸ್ಟ್ 1985ರಲ್ಲಿ ಶೇ. 0.5 ಮತ್ತು ಶೇ. 5ರ ದ್ರಾವಣಗಳನ್ನು ರೋಗಿಗಳ ಹಲ್ಲುಗಳಲ್ಲಿ ಹೋಲಿಸಿದಾಗ ಬ್ಯಾಕ್ಟೀರಿಯಾ ನಿರ್ಮೂಲನೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹರಿಯಾಣದ ರೋಹ್ತಕ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಕೆಳದವಡೆಯ ಹಲ್ಲುಗಳಲ್ಲಿ ಶೇ. 1 ಮತ್ತು ಶೇ. 5ರ ದ್ರಾವಣಗಳನ್ನು ಹೋಲಿಸಿತು. ಒಂದು ವರ್ಷದ ನಂತರ ಎಕ್ಸ್‌ರೇಯಲ್ಲಿ ಕಂಡ ಗುಣದಲ್ಲಿ ಅಂಕಿಅಂಶದ ದೃಷ್ಟಿಯಿಂದ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ನೋವಿನ ತಕ್ಕಡಿಯಲ್ಲಿ ಹಿಡಿದರೆ ತೀಕ್ಷ್ಣ ದ್ರಾವಣ ಸೋಲುವುದೂ ಉಂಟು, ಶೇ. 1.3ರಂತಹ ಸೌಮ್ಯ ದ್ರಾವಣ ಬಳಸಿದವರಿಗೆ ಶೇ. 5.25 ಬಳಸಿದವರಿಗಿಂತ ಕಡಿಮೆ ನೋವಾಯಿತೆಂಬ ವರದಿಗಳಿವೆ. ಎರಡು ತಕ್ಕಡಿಗಳು ಎರಡು ಕಡೆ ವಾಲುವುದು ಇಲ್ಲಿಂದಲೇ ಶುರು.

ನಮ್ಮ ಭಾಗಕ್ಕೆ ಸಂಬಂಧಿಸಿದ, ಆದರೆ ಯಾವ ಸಮ್ಮೇಳನದಲ್ಲೂ ಯಾರೂ ಒತ್ತಿ ಹೇಳದ ಒಂದು ಸಂಗತಿ ಇದೆ. ಹೈಪೋಕ್ಲೋರೈಟ್ ಬಿಸಿಲಿಗೆ, ಶಾಖಕ್ಕೆ, ಗಾಳಿಗೆ ಸವೆಯುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಸವೆಯುವ ವೇಗ ಇಮ್ಮಡಿಗೂ ಮೀರುತ್ತದೆ. ಬಾಗಲಕೋಟೆ, ವಿಜಯಪುರಗಳಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಪಾರದ ಕಡ್ಡಿ 40ರ ಗೆರೆ ಮುಟ್ಟುವುದು ದಿನನಿತ್ಯದ ಮಾತು. ಕ್ಲಿನಿಕ್ ತೆರೆದ ಮೊದಲ ಬೇಸಿಗೆಯಲ್ಲಿ ನಾನು ಬಾಟಲಿಯನ್ನು ಕೈಗೆ ಸಿಗಲೆಂದು ಕಿಟಕಿಯ ಹಲಗೆಯ ಮೇಲೆಯೇ ಇಟ್ಟುಕೊಂಡಿದ್ದೆ. ಒಂದು ದಿನ ಸಿರಿಂಜಿಗೆ ಎಳೆದುಕೊಳ್ಳುವಾಗ ಮೂಗಿಗೆ ಬಡಿಯಬೇಕಾದ ವಾಸನೆ ಬಡಿಯಲಿಲ್ಲ, ನಾಳದ ಬಾಯಲ್ಲಿ ಸಾಮಾನ್ಯವಾಗಿ ಏಳುವ ನೊರೆಯೂ ಏಳಲಿಲ್ಲ. ಲೇಬಲ್ ಮೇಲೆ ಶೇ. 3 ಎಂದೇ ಇತ್ತು. ಅದಕ್ಕೂ ಮೊದಲಿನ ಎಷ್ಟು ಹಲ್ಲುಗಳನ್ನು ನಾನು ಬರೀ ಉಪ್ಪುನೀರಿನಿಂದ ತೊಳೆದಿದ್ದೆನೋ ಎಂದು ಆ ರಾತ್ರಿ ಲೆಕ್ಕ ಹಾಕಿದ್ದುಂಟು. ಅಂದಿನಿಂದ ಕಡು ಬಣ್ಣದ ಸಣ್ಣ ಬಾಟಲಿ, ಫ್ರಿಜ್, ತೆರೆದ ದಿನಾಂಕ ಬರೆದ ಚೀಟಿ, ಇಷ್ಟನ್ನು ಬಿಟ್ಟು ಕೆಲಸ ಮಾಡಿಲ್ಲ. ಸತ್ತ ದ್ರಾವಣವನ್ನು ಲೇಸರಿನಿಂದ ಕಲಕಿದರೆ ಅದು ಬದುಕುವುದಿಲ್ಲ.

ಇನ್ನು ವಿಧಾನಗಳು. ಎಲ್ಲಕ್ಕೂ ಹಳೆಯದಾದ ಸಿರಿಂಜು-ಸೂಜಿಯನ್ನು ಕೀಳಾಗಿ ಕಾಣುವುದು ಸುಲಭ, ಸರಿಯಾಗಿ ಬಳಸುವುದು ಕಷ್ಟ. 27 ಗೇಜ್ ಸೂಜಿಯ ಹೊರವ್ಯಾಸ 0.41 ಮಿಲಿಮೀಟರ್, 30 ಗೇಜ್ ಸೂಜಿಯದು 0.31 ಮಿಲಿಮೀಟರ್. ನಾಳವನ್ನು 25ನೇ ನಂಬರಿನ ಫೈಲಿಗೆ, ಅಂದರೆ ತುದಿಯಲ್ಲಿ 0.25 ಮಿಲಿಮೀಟರ್‌ಗೆ, ಅಗಲಿಸಿ ನಿಲ್ಲಿಸಿದರೆ ಅತ್ಯಂತ ಸಣ್ಣ ಸೂಜಿಯೂ ಬೇಕಾದಷ್ಟು ಆಳಕ್ಕೆ ಇಳಿಯದಿರಬಹುದು. ಹಾಗಾಗಿ ತುದಿಯನ್ನು 30 ಅಥವಾ 35ರವರೆಗೆ ತೆರೆಯುವುದು ತೊಳೆಯುವ ಕೆಲಸದ್ದೇ ಭಾಗ. ಸೂಜಿಯ ಮೇಲೆ ರಬ್ಬರ್ ತಡೆ ಹಾಕಿ, ಬೇರಿನ ಉದ್ದಕ್ಕಿಂತ ಎರಡು ಮಿಲಿಮೀಟರ್ ಮೊದಲೇ ನಿಲ್ಲುವಂತೆ ಗುರುತು ಮಾಡಿ, ಗೋಡೆಗೆ ಸಿಕ್ಕಿಕೊಳ್ಳದಂತೆ ಸದಾ ಮೇಲೆ ಕೆಳಗೆ ಆಡಿಸುತ್ತ, ಹೆಬ್ಬೆರಳಿನಿಂದಲ್ಲ, ತೋರುಬೆರಳಿನಿಂದ ನಿಧಾನವಾಗಿ ಒತ್ತಬೇಕು. ಹೆಬ್ಬೆರಳಿಗೆ ಬಲ ಹೆಚ್ಚು, ಅದೇ ಅಪಾಯ. ಪಕ್ಕದಲ್ಲಿ ಕಿಂಡಿಯಿರುವ ಸೂಜಿಯಾದರೆ ದ್ರಾವಣ ನೇರವಾಗಿ ಬೇರಿನ ಆಚೆ ಚಿಮ್ಮುವ ಭಯ ಕಡಿಮೆ. ಹಾಗೆ ಚಿಮ್ಮಿದರೆ ಆ ಕ್ಷಣವೇ ಸಹಿಸಲಾಗದ ಉರಿ, ನಿಮಿಷಗಳಲ್ಲಿ ಗಲ್ಲದ ಊತ, ಮರುದಿನ ಕಣ್ಣಿನ ಕೆಳಗಿನವರೆಗೆ ನೀಲಿಗಟ್ಟಿದ ಚರ್ಮ. ಅಪರೂಪದ ಅವಘಡ, ಆದರೆ ಒಮ್ಮೆ ಕಂಡವರು ಮರೆಯುವುದಿಲ್ಲ.

ಸೂಜಿಯ ನಂತರ ಬರುವ ವಿಧಾನಗಳು ಹೆಚ್ಚಿನಂಶ ದ್ರಾವಣವನ್ನು ಒಳಗೇ ಕಲಕುವ ಉಪಾಯಗಳು. ಅತ್ಯಂತ ಅಗ್ಗದ್ದು ಕೈಯಿಂದ ಮಾಡುವಂಥದ್ದು. ಕೊನೆಗೆ ನಾಳ ತುಂಬಲು ಬಳಸುವ ರಬ್ಬರಿನಂಥ ಗುಟ್ಟಾ ಪರ್ಚಾ ಕಡ್ಡಿಗಳಲ್ಲಿ ನಾಳಕ್ಕೆ ಹೊಂದುವ ಒಂದನ್ನು ದ್ರಾವಣ ತುಂಬಿದ ನಾಳದಲ್ಲಿ ಎರಡು ಮಿಲಿಮೀಟರ್‌ನಷ್ಟು ಮೇಲೆ ಕೆಳಗೆ, ನಿಮಿಷಕ್ಕೆ ನೂರು ಸಲದ ಲಯದಲ್ಲಿ ಆಡಿಸುವುದು. ಖರ್ಚು ಒಂದು ಕಡ್ಡಿಯದು, ಫಲ ಮಾತ್ರ ಆ ಗಾಳಿಯ ಬಿರಡೆ ಒಡೆಯುವುದು. ಬರೀ ಸೂಜಿಗೆ ಹೋಲಿಸಿದರೆ ಇದು ಎಷ್ಟೋ ಮೇಲು, ಮತ್ತು ಇದನ್ನು ಮಾಡದಿರಲು ಯಾವ ಊರಿನ ಯಾವ ವೈದ್ಯರಿಗೂ ನೆಪವಿಲ್ಲ ಎಂಬುದು ನನ್ನ ಅಭಿಪ್ರಾಯ. ಸೋನಿಕ್ ಸಾಧನಗಳು ಪ್ಲಾಸ್ಟಿಕ್ ತುದಿಯನ್ನು ಅದುರಿಸುತ್ತವೆ, ಹಳೆಯವು ನಿಮಿಷಕ್ಕೆ ಹತ್ತು ಸಾವಿರ ಸಲ, ಹೊಸವು ಸೆಕೆಂಡಿಗೆ ಐದಾರು ಸಾವಿರ ಸಲ. ಗೋಡೆಯನ್ನು ಕೊರೆಯುವುದಿಲ್ಲವಾದ್ದರಿಂದ ಬಾಗಿದ ಬೇರುಗಳಲ್ಲಿ ಅವು ನಿಶ್ಚಿಂತೆ. ಅಲ್ಟ್ರಾಸಾನಿಕ್‌ನಲ್ಲಿ ಸಣ್ಣ ಲೋಹದ ತಂತಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಕಂಪಿಸಿ ದ್ರಾವಣದಲ್ಲಿ ಸುಳಿಗಳನ್ನೆಬ್ಬಿಸುತ್ತದೆ. ಇಪ್ಪತ್ತು ಸೆಕೆಂಡಿನಂತೆ ಮೂರು ಸಲ, ಪ್ರತಿ ಸಲವೂ ಹೊಸ ದ್ರಾವಣ ತುಂಬಿ ಮಾಡುವುದು ರೂಢಿ. ತಂತಿ ಗೋಡೆಗೆ ತಾಗಿದರೆ ಕಂಪನ ಸಾಯುತ್ತದೆ, ಹೆಚ್ಚು ತಾಗಿದರೆ ಗೋಡೆಯನ್ನೇ ಕೆತ್ತುತ್ತದೆ. ಆದರೂ ಎರಡು ನಾಳಗಳ ನಡುವಿನ ಸಂದಿಯಿಂದ ಕಸ ತೆಗೆಯುವಲ್ಲಿ ಇದರ ಸಾಮರ್ಥ್ಯಕ್ಕೆ ಹಲವು ಅಧ್ಯಯನಗಳ ಬೆಂಬಲವಿದೆ.

ಎರ್ಬಿಯಂ ಲೇಸರಿನ ಕೆಲಸ ಜನ ಊಹಿಸಿಕೊಂಡಂತಿಲ್ಲ. 2940 ನ್ಯಾನೋಮೀಟರ್ ತರಂಗದ ಬೆಳಕನ್ನು ನೀರು ಅತಿಯಾಗಿ ಹೀರುವುದರಿಂದ, ಪ್ರತಿ ಮಿಡಿತಕ್ಕೂ ದ್ರಾವಣದಲ್ಲಿ ಆವಿಯ ಗುಳ್ಳೆ ಹುಟ್ಟಿ ಒಡೆದು ನಾಳದುದ್ದಕ್ಕೂ ಆಘಾತದ ಅಲೆ ಹಾಯುತ್ತದೆ. ಈ ವಿಧಾನದ ಒಂದು ಬಗೆಯಲ್ಲಿ ಲೇಸರಿನ ತುದಿ ನಾಳದೊಳಗೆ ಇಳಿಯುವುದೇ ಇಲ್ಲ, ಹಲ್ಲಿನ ಮೇಲ್ಕೋಣೆಯಲ್ಲೇ ಉಳಿಯುತ್ತದೆ. ಅಂದರೆ ಇಲ್ಲಿಯೂ ಕೊಲ್ಲುವುದು ಬೆಳಕಲ್ಲ, ಅದೇ ಹಳೇ ಹೈಪೋಕ್ಲೋರೈಟ್. ಬೆಳಕು ಅದನ್ನು ಸಂದಿಗೆ ದಬ್ಬುವ ಕೈ. ಪ್ರಯೋಗಾಲಯದ ಫಲಿತಾಂಶಗಳಲ್ಲಿ ಇದು ಅಲ್ಟ್ರಾಸಾನಿಕ್‌ಗೆ ಸಮನಾಗಿ, ಕೆಲವೊಮ್ಮೆ ಮುಂದಾಗಿ ನಿಲ್ಲುತ್ತದೆ.

ಇವೆಲ್ಲಕ್ಕಿಂತ ಬೇರೆ ದಾರಿ ಹಿಡಿದದ್ದು ಋಣ ಒತ್ತಡದ ವಿಧಾನ. ಇಲ್ಲಿ ದ್ರಾವಣವನ್ನು ಮೇಲಿನಿಂದ ಸುರಿದು, 0.32 ಮಿಲಿಮೀಟರ್ ಹೊರವ್ಯಾಸದ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ನಳಿಕೆಯನ್ನು ಬೇರಿನ ತುದಿಯವರೆಗೆ ಇಳಿಸಿ ಕೆಳಗಿನಿಂದ ಹೀರಲಾಗುತ್ತದೆ. ಹರಿವು ತುದಿಯ ಕಡೆಗೆ ಬಂದರೂ ಆಚೆ ಹೋಗುವುದಿಲ್ಲ. ದ್ರಾವಣ ಬೇರಿನಾಚೆ ಸೋರುವುದು ಅತಿ ಕಡಿಮೆ ಇರುವುದು ಇದರಲ್ಲೇ, ನೋವಿನ ತಕ್ಕಡಿಯಲ್ಲಿ ಇದಕ್ಕೆ ಅಂಕ ಸಿಗುವುದೂ ಅದಕ್ಕೇ. 2010ರಲ್ಲಿ ಗೊಂಡಿಮ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಸೂಜಿಯಿಂದ ತೊಳೆಸಿಕೊಂಡವರಿಗಿಂತ ಈ ವಿಧಾನದಿಂದ ತೊಳೆಸಿಕೊಂಡವರಿಗೆ ನೋವು ಕಡಿಮೆಯಿತ್ತು. ತೊಂದರೆಯೆಂದರೆ ಆ ತೂತುಗಳು ಕಸದಿಂದ ಪದೇಪದೇ ಕಟ್ಟುತ್ತವೆ, ನಾಳವನ್ನು 35ರವರೆಗಾದರೂ ಅಗಲಿಸದೆ ನಳಿಕೆ ಇಳಿಯುವುದಿಲ್ಲ.

ಸ್ವಚ್ಛತೆಯನ್ನು ಅಳೆಯುವ ರೀತಿಯ ಬಗ್ಗೆ ಒಂದು ತಕರಾರನ್ನು ಇಲ್ಲಿ ದಾಖಲಿಸಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಎಂಡಿಎಸ್ (ದಂತ ವೈದ್ಯಕೀಯ ಸ್ನಾತಕೋತ್ತರ) ವಿದ್ಯಾರ್ಥಿಗಳು ಪ್ರಬಂಧಕ್ಕೆಂದು ಆರಿಸಿಕೊಳ್ಳಲು ಇಷ್ಟಪಡುವ ವಿಷಯಗಳಲ್ಲಿ ಇದೂ ಒಂದು, ಕಾರಣ ಸಾಮಗ್ರಿ ಸುಲಭವಾಗಿ ಸಿಗುತ್ತದೆ. ಕ್ಲಿಪ್ ಹಾಕಲೆಂದು ಕಿತ್ತ ಒಂದೇ ಬೇರಿನ, ನೆಟ್ಟಗಿನ ಹಲ್ಲುಗಳನ್ನು ತೆಗೆದುಕೊಂಡು, ಅವುಗಳಲ್ಲಿ ಎಂಟೆರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಬೆಳೆಸಿ, ಬೇರೆ ಬೇರೆ ವಿಧಾನದಿಂದ ತೊಳೆದು ಎಷ್ಟು ಉಳಿಯಿತೆಂದು ಎಣಿಸುವುದು ಪದ್ಧತಿ. ಜಗತ್ತಿನಾದ್ಯಂತ ಹೀಗೆಯೇ ನಡೆಯುತ್ತದೆ. ಆದರೆ ಬಾಯಲ್ಲಿರುವ ಸೋಂಕು ಒಂದೇ ಜಾತಿಯದಲ್ಲ, ಹಲವು ಜಾತಿಗಳು ಲೋಳೆಪದರ ಕಟ್ಟಿಕೊಂಡು ವರ್ಷಗಟ್ಟಲೆ ನೆಲೆಸಿದ ವಸಾಹತು. ಕಿತ್ತ ಹಲ್ಲಿನ ಬೇರಿನ ತುದಿ ತೆರೆದಿದ್ದರೆ ಗಾಳಿಯ ಬಿರಡೆಯೇ ಇರುವುದಿಲ್ಲ, ಸೂಜಿಯೂ ಬಲು ಚೆನ್ನಾಗಿ ಕೆಲಸ ಮಾಡಿದಂತೆ ಕಾಣುತ್ತದೆ. ಹೀಗಾಗಿ ಪ್ರಯೋಗಾಲಯದ ಅಂತರಗಳು ಕ್ಲಿನಿಕ್ಕಿಗೆ ಬಂದಾಗ ಹಿಗ್ಗುವುದೂ ಉಂಟು, ಕುಗ್ಗುವುದೂ ಉಂಟು. ಲಿಯಾಂಗ್ ಮತ್ತು ಸಂಗಡಿಗರು 2013ರಲ್ಲಿ ಒಂದೇ ಬೇರಿನ ಹಲ್ಲುಗಳಲ್ಲಿ ಅಲ್ಟ್ರಾಸಾನಿಕ್ ಮತ್ತು ಸಿರಿಂಜನ್ನು ಹೋಲಿಸಿದರು. ಒಂದು ವರ್ಷದ ಆಸುಪಾಸಿನಲ್ಲಿ ಬೇರಿನ ತುದಿಯ ಗಾಯ ಮಾಯತೊಡಗಿದ್ದು ಕ್ರಮವಾಗಿ ಶೇ. 95.1 ಮತ್ತು ಶೇ. 88.4ರಷ್ಟು ಹಲ್ಲುಗಳಲ್ಲಿ. ಅಂಕಿಅಂಶದ ಕಣ್ಣಿಗೆ ಅದು ಅಂತರವೇ ಅಲ್ಲ. ಅವು ನೆಟ್ಟಗಿನ ಬೇರುಗಳು ಎಂಬುದನ್ನು ಮರೆಯಬಾರದು. ಸಂದಿಗಳಿರುವ ದವಡೆ ಹಲ್ಲಿಗೂ ಇದೇ ಮಾತು ಸಲ್ಲುತ್ತದೆಂದು ನಾನು ಒಪ್ಪುವುದಿಲ್ಲ.

ಹಾಗೆಂದು ಬ್ಯಾಕ್ಟೀರಿಯಾ ಉಳಿದರೂ ನಡೆಯುತ್ತದೆ ಎಂದಲ್ಲ. ಶೋಗ್ರೆನ್ ಮತ್ತು ಸಂಗಡಿಗರ 1997ರ ಅಧ್ಯಯನದಲ್ಲಿ, ನಾಳ ಮುಚ್ಚುವ ಹೊತ್ತಿಗೆ ಬ್ಯಾಕ್ಟೀರಿಯಾ ಸಿಗದ ಹಲ್ಲುಗಳಲ್ಲಿ ಶೇ. 94ರಷ್ಟು ಐದು ವರ್ಷದೊಳಗೆ ಗುಣವಾದವು, ಸಿಕ್ಕ ಹಲ್ಲುಗಳಲ್ಲಿ ಶೇ. 68ರಷ್ಟು ಮಾತ್ರ.

ಈಗ ನೋವು. ಪಾಕ್ ಮತ್ತು ವೈಟ್ 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಗೆ ಮೊದಲು ಶೇ. 81 ರೋಗಿಗಳಿಗೆ ನೋವಿತ್ತು, ಚಿಕಿತ್ಸೆಯ ಒಂದು ದಿನದ ನಂತರ ಶೇ. 40 ಮಂದಿಗೆ, ಒಂದು ವಾರದ ನಂತರ ಶೇ. 11 ಮಂದಿಗೆ. ಅಂದರೆ ಮೊದಲ ರಾತ್ರಿ ನೋಯುವುದು ವೈಫಲ್ಯವಲ್ಲ, ಬಹುಪಾಲು ಸಹಜ. ನೋವಿಗೆ ಮುಖ್ಯ ಕಾರಣ ಬೇರಿನ ತುದಿಯಾಚೆಗಿನ ಅಂಗಾಂಶದ ಉರಿಯೂತ. ಕೆರೆದ ಕಸವನ್ನೋ ದ್ರಾವಣವನ್ನೋ ಅಲ್ಲಿಗೆ ತಳ್ಳಿದರೆ ಉರಿಯೂತ ಕೆರಳುತ್ತದೆ. ಆದ್ದರಿಂದ ತೊಳೆಯುವ ವಿಧಾನ ನೋವಿನ ಮೇಲೆ ಬೀರುವ ಪ್ರಭಾವ ಅದು ಎಷ್ಟು ಕೊಂದಿತು ಎಂಬುದಕ್ಕಿಂತ ಎಷ್ಟು ಆಚೆ ತಳ್ಳಿತು ಎಂಬುದಕ್ಕೆ ಹತ್ತಿರ. ಯಂತ್ರದಿಂದ ಕಲಕಿದಾಗ ಬರೀ ಸೂಜಿಗಿಂತ ನೋವು ತುಸು ಕಡಿಮೆ ಎಂದು ಈಚಿನ ಹಲವು ಸಮೀಕ್ಷೆಗಳು ಹೇಳುತ್ತವೆ. ಆದರೆ ಆ ಲಾಭ ಮೊದಲ ಒಂದೆರಡು ದಿನಗಳದ್ದು. ವಾರ ಕಳೆಯುವಷ್ಟರಲ್ಲಿ ಎಲ್ಲ ಗುಂಪುಗಳೂ ಸಮವಾಗುತ್ತವೆ. ಚಿಕಿತ್ಸೆಗೆ ಬರುವ ಮೊದಲೇ ಎಷ್ಟು ನೋವಿತ್ತು ಎಂಬುದು ಆಮೇಲಿನ ನೋವನ್ನು ಯಾವ ಯಂತ್ರಕ್ಕಿಂತಲೂ ಚೆನ್ನಾಗಿ ಮುನ್ಸೂಚಿಸುತ್ತದೆ. ಮೂರು ರಾತ್ರಿ ನಿದ್ದೆಯಿಲ್ಲದೆ ಲವಂಗ ಕಚ್ಚಿಕೊಂಡು ಬಂದವರಿಗೂ, ಎಕ್ಸ್‌ರೇಯಲ್ಲಿ ಕಪ್ಪು ಕಂಡಿತೆಂದು ಬಂದವರಿಗೂ ಒಂದೇ ಭರವಸೆ ಕೊಡಲಾಗದು.

ನೋವಿನ ಅಳತೆಯೂ ಸಲೀಸಲ್ಲ. ಅಧ್ಯಯನಗಳಲ್ಲಿ ಹತ್ತು ಸೆಂಟಿಮೀಟರ್ ಗೆರೆಯ ಮೇಲೆ ಗುರುತು ಮಾಡಿಸುತ್ತಾರೆ. ಬೀಳಗಿಯ ಕಡೆಯ ಅಜ್ಜನೊಬ್ಬರಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದಾಗ ಅವರು ನನ್ನ ಮುಖ ನೋಡಿ, "ಹನ್ನೆರಡಾಣೆ ಹೋಗೇತ್ರಿ, ನಾಕಾಣೆ ಉಳದೈತಿ" ಎಂದರು. ಅದಕ್ಕಿಂತ ಖಚಿತ ಉತ್ತರ ಯಾವ ಗೆರೆಯಿಂದಲೂ ನನಗೆ ಸಿಕ್ಕಿಲ್ಲ, ಅಂದಿನಿಂದ ಹಳ್ಳಿಯವರಿಗೆ ಆಣೆಯ ಲೆಕ್ಕದಲ್ಲೇ ಕೇಳುತ್ತೇನೆ.

ಅಗ್ಗದ ಉಪಾಯವೊಂದು ನೋವಿನ ಮಟ್ಟಿಗೆ ಗಂಭೀರ ಗಮನಕ್ಕೆ ಅರ್ಹ. ತೊಳೆದು ಮುಗಿಸಿದ ಮೇಲೆ 2.5 ಡಿಗ್ರಿಗೆ ತಂಪು ಮಾಡಿದ ಸಲೈನನ್ನು ಐದು ನಿಮಿಷ ನಾಳದಲ್ಲಿ ಹರಿಸುವುದು. ವೇರಾ ಮತ್ತು ಸಂಗಡಿಗರು 2018ರಲ್ಲಿ, ಮೊದಲೇ ನೋವಿದ್ದ ರೋಗಿಗಳಲ್ಲಿ ಇದರಿಂದ ಆಮೇಲಿನ ನೋವೂ ಔಷಧದ ಅಗತ್ಯವೂ ತಗ್ಗಿದ್ದನ್ನು ತೋರಿಸಿದರು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಕೆಲಸದಲ್ಲಿ ಈ ತಂಪಿಗೆ ಪಾತ್ರವಿಲ್ಲ. ಹಲ್ಲು ನೋಯದಿರಲು ಅದು ಸ್ವಚ್ಛವಾಗಿರಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ನಮ್ಮಲ್ಲಿ ಅಡ್ಡಿ ಮಾಡುವುದು ಬೇಸಿಗೆಯ ಕರೆಂಟ್. ಫ್ರಿಜ್ ನಿಂತ ದಿನ ಪಕ್ಕದ ಕಬ್ಬಿನ ಹಾಲಿನ ಅಂಗಡಿಯಿಂದ ಮಂಜುಗಡ್ಡೆ ತಂದು ಸಲೈನ್ ಬಾಟಲಿಯನ್ನು ಅದರಲ್ಲಿ ಹುಗಿದಿಟ್ಟದ್ದೂ ಇದೆ. ಇದಕ್ಕೆ ವಿರುದ್ಧವಾಗಿ, ನೋವು ಎಂದ ಕೂಡಲೇ ಆಂಟಿಬಯಾಟಿಕ್ ಬರೆದುಕೊಡುವ ನಮ್ಮ ಚಾಳಿ ಬರೀ ನೋವಿಗೆ ಏನೂ ಮಾಡುವುದಿಲ್ಲ. ಜ್ವರವೋ ಹರಡುವ ಊತವೋ ಇಲ್ಲದಿದ್ದರೆ ಬೇಕಾದದ್ದು, ಹೊಟ್ಟೆ ಮತ್ತು ಮೂತ್ರಪಿಂಡ ಸರಿಯಿದ್ದವರಿಗೆ ಐಬುಪ್ರೊಫೆನ್, ಬೇಕಿದ್ದರೆ ಜೊತೆಗೆ ಪ್ಯಾರಾಸಿಟಮಾಲ್.

ಲೇಸರ್ ಕೇಳಿ ಬಂದವರಿಗೆ ನಾನು ಕೊಡುವ ಉತ್ತರ ಹೀಗೆ: ಅದು ಇರುವಲ್ಲಿ ಮಾಡಿಸಿಕೊಂಡರೆ ನಷ್ಟವಿಲ್ಲ, ಆದರೆ ಹೆಚ್ಚಿನ ಹಣ ಕೊಡುವ ಮುನ್ನ ಬೇರೆ ಎರಡು ಸಂಗತಿ ವಿಚಾರಿಸಿ. ಹಲ್ಲಿಗೆ ರಬ್ಬರ್ ಹಾಳೆ ಕಟ್ಟುತ್ತಾರೆಯೇ, ಏಕೆಂದರೆ ಅದಿಲ್ಲದೆ ಎಂಜಲಿನ ಬ್ಯಾಕ್ಟೀರಿಯಾ ತೊಳೆದ ನಾಳಕ್ಕೆ ಮತ್ತೆ ಇಳಿಯುತ್ತದೆ, ಹೈಪೋಕ್ಲೋರೈಟ್ ಗಂಟಲಿಗೆ ಇಳಿಯುತ್ತದೆ. ತೊಳೆಯಲು ಎಷ್ಟು ಹೊತ್ತು ಕೊಡುತ್ತಾರೆ ಎಂಬುದು ಇನ್ನೊಂದು. ಈಗಿನ ಯಂತ್ರದ ಫೈಲುಗಳು ಕೆರೆಯುವ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತವೆ, ದ್ರಾವಣಕ್ಕೆ ಕರಗಿಸಲು ಬೇಕಾದ ಹೊತ್ತು ಮಾತ್ರ 1915ರಲ್ಲಿ ಇದ್ದಷ್ಟೇ ಇದೆ. ಸ್ವಂತ ಕ್ಲಿನಿಕ್ಕಿನ ಮಟ್ಟಿಗೆ ಹೇಳುವುದಾದರೆ, ದವಡೆ ಹಲ್ಲಿಗೆ ತಾಜಾ ಶೇ. 3ರ ಹೈಪೋಕ್ಲೋರೈಟ್, ಪಕ್ಕದ ಕಿಂಡಿಯ 30 ಗೇಜ್ ಸೂಜಿ, ಕೊನೆಯಲ್ಲಿ ಇಡಿಟಿಎ ಮತ್ತು ಅಲ್ಟ್ರಾಸಾನಿಕ್, ನೋವಿನಿಂದ ಬಂದವರಿಗೆ ತಂಪು ಸಲೈನ್. ಇದರಾಚೆಗಿನ ಯಂತ್ರಕ್ಕೆ ಸಾಲ ಮಾಡುವಷ್ಟು ಪುರಾವೆ ನನಗೆ ಕಂಡಿಲ್ಲ.

ಈ ಹೋಲಿಕೆಯನ್ನು ನಮ್ಮ ಊರುಗಳಲ್ಲಿ ಮಾಡಲು ಇರುವ ದೊಡ್ಡ ತೊಡಕು ಬೇರೆಯೇ ಇದೆ. ನೋವು ಮರುದಿನವೇ ಫೋನಿನಲ್ಲಿ ತಿಳಿಯುತ್ತದೆ, ಬೇರಿನ ತುದಿಯ ಗಾಯ ಮಾಯ್ದಿದೆಯೇ ಎಂಬುದು ವರ್ಷ ಕಳೆದು ಎಕ್ಸ್‌ರೇ ತೆಗೆದಾಗಲಷ್ಟೇ ತಿಳಿಯುತ್ತದೆ. ನೋವಿಲ್ಲದವರು ಆ ಎಕ್ಸ್‌ರೇಗೆ ಬರುವುದಿಲ್ಲ. ಮುಧೋಳದ ಕಡೆಯವರಿಗೆ ಕಬ್ಬು ಕಡಿಯುವ ಸುಗ್ಗಿಯಲ್ಲಿ ಎರಡನೇ ಸಲ ಬಾ ಎಂದರೇ ಕಷ್ಟ, ಹನ್ನೆರಡು ತಿಂಗಳ ನಂತರ ಬಾ ಎಂದರೆ ನಕ್ಕು ಹೋಗುತ್ತಾರೆ. ಕಳೆದ ಚಳಿಗಾಲದಲ್ಲಿ ಅಂಥ ಒಬ್ಬರು ಬಂದರು, ಕಟಕ್ ರೊಟ್ಟಿ ಕಡಿಯುವಾಗ ಮೇಲಿನ ಹಲ್ಲೊಂದು ಚೂರಾಯಿತೆಂದು. ಅದನ್ನು ನೋಡುವ ನೆಪದಲ್ಲಿ, ಹದಿನಾಲ್ಕು ತಿಂಗಳ ಹಿಂದೆ ನಾನೇ ಬೇರುನಾಳ ತೊಳೆದಿದ್ದ ಕೆಳಗಿನ ದವಡೆ ಹಲ್ಲಿನ ಎಕ್ಸ್‌ರೇಯನ್ನೂ ತೆಗೆದೆ. ಮೂರನೇ ದಿನದಿಂದಲೇ ಆ ಹಲ್ಲು ಒಮ್ಮೆಯೂ ನೋಯಲಿಲ್ಲ, ಅದರಲ್ಲೇ ಕರದಂಟು ತಿನ್ನುತ್ತೇನೆ ಎಂದು ಅವರು ಹೇಳುತ್ತಿದ್ದರು. ಪರದೆಯ ಮೇಲೆ ಹಿಂದಿನ ಬೇರಿನ ತುದಿಯಲ್ಲಿ ಎಲುಬು ಪೂರ್ತಿ ತುಂಬಿಕೊಂಡಿತ್ತು. ಮುಂದಿನ ಬೇರಿನ ತುದಿಯಲ್ಲಿ, ಆ ಎರಡು ನಾಳಗಳ ನಡುವೆ, ಜೋಳದ ಕಾಳಿನಷ್ಟಿದ್ದ ಕಪ್ಪು ನೆರಳು ಸಾಸಿವೆಯಷ್ಟಕ್ಕೆ ಇಳಿದಿತ್ತು, ಹೋಗಿರಲಿಲ್ಲ. ಇನ್ನೊಂದು ವರ್ಷಕ್ಕೆ ಬರಲು ಹೇಳಿ, ಈ ಸಲ ಫೋನ್ ನಂಬರಿನ ಜೊತೆಗೆ ಅವರ ಮಗನ ನಂಬರನ್ನೂ ಬರೆದಿಟ್ಟುಕೊಂಡೆ.